ಮನೆಮಾತು ಮತ್ತು ಪಠ್ಯಭಾಷೆ: ಗಡಿಸೀಮೆಯ ಕನ್ನಡದಲ್ಲಿ ಹಕಾರ

ಪೀಠಿಕೆ: ಶ್ರೀ ಸತ್ಯಸಾಯಿ ಜಿಲ್ಲೆಯ ಹಿಂದೂಪುರ ಹಾಗೂ ಅನಂತಪುರ ಜಿಲ್ಲೆಯ ಕಲ್ಯಾಣದುರ್ಗ ಪರಿಸರದಲ್ಲಿ ಕನ್ನಡವು ನಿನ್ನೆ ಮೊನ್ನೆ ಬಂದ ಭಾಷೆಯಲ್ಲ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿಯಲ್ಲಿಯೂ ಲೇಪಾಕ್ಷಿಯ ದೇವಾಲಯದಲ್ಲಿಯೂ ಕನ್ನಡ ಶಾಸನಗಳಿವೆ. ಮನೆಯಲ್ಲಿ ಕನ್ನಡವನ್ನೂ ಸಂತೆಯಲ್ಲಿ ತೆಲುಗನ್ನೂ ಆಡುವ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ.

ಸಮಸ್ಯೆ: ಈ ಸೀಮೆಯ ಗ್ರಾಮೀಣ ಆಡುಮಾತಿನಲ್ಲಿ ಪದಾದಿಯ ಹಕಾರವು ಹಲವೊಮ್ಮೆ ಲೋಪವಾಗುತ್ತದೆ. ಹಾಲು ‘ಆಲು’, ಹಾವು ‘ಆವು’ ಎಂದಾಗುತ್ತದೆ. ತೆಲುಗಿನಲ್ಲಿ ‘ಆವು’ ಎಂದರೆ ಹಸು. ಹೀಗಾಗಿ ಮಗುವಿನ ಮಾತಿಗೆ ಪಕ್ಕದವರು ನಗುತ್ತಾರೆ. ಶಿಕ್ಷಕರೂ ‘ತಪ್ಪು’ ಎಂದರೆ ಮಗು ಬಾಯಿ ತೆರೆಯುವುದನ್ನೇ ಬಿಡುತ್ತದೆ. ಮಾತಾಡದ ಮಗುವಿಗೆ ಬರೆಹವನ್ನು ಕಲಿಸುವುದು ಸುಲಭವಲ್ಲ.

ಭಾಷಾವಿಚಾರ: ಹಕಾರಲೋಪವು ಸೋಮಾರಿತನವಲ್ಲ. ಹಳಗನ್ನಡದ ಪಾಲ್, ಪಾವು, ಪೂ ಎಂಬ ಶಬ್ದಗಳ ಪಕಾರವು 10ನೆಯ ಶತಮಾನದ ಆಚೀಚೆ ಹಕಾರವಾಗತೊಡಗಿ ನಡುಗನ್ನಡದಲ್ಲಿ ನೆಲೆಗೊಂಡಿತು. ಆ ಹಕಾರವೂ ಸವೆದುದೇ ಇಂದಿನ ‘ಆಲು’, ‘ಆವು’, ‘ಊವು’. ತೆಲುಗು ಮಾತ್ರ ಪಾಲು, ಪಾಮು, ಪುವ್ವು ಎಂದು ಪಕಾರವನ್ನು ಉಳಿಸಿಕೊಂಡಿದೆ. ಮಗುವಿಗೆ ತಿಳಿದಿರುವ ಎರಡು ಭಾಷೆಗಳೇ ಇಲ್ಲಿ ಪಾಠೋಪಕರಣಗಳು.

ಬೋಧನಾಕ್ರಮ:
1. ಮಗುವಿನ ಮಾತನ್ನು ನಡುವೆ ತಡೆಯದೆ ಪೂರ್ತಿ ಕೇಳಿರಿ.
2. ಕಪ್ಪುಹಲಗೆಯ ಮೇಲೆ ‘ಮನೆಯ ಮಾತು’, ‘ಪುಸ್ತಕದ ಮಾತು’, ‘ತೆಲುಗು’ ಎಂಬ ಮೂರು ಸಾಲುಗಳನ್ನು ಮಾಡಿ, ಮಕ್ಕಳಿಂದಲೇ ತುಂಬಿಸಿರಿ. ತೆಲುಗಿನ ಪಕಾರವಿರುವ ಕಡೆ ಪುಸ್ತಕದ ಕನ್ನಡದಲ್ಲಿ ಹಕಾರ ಬರುವುದನ್ನು ಅವರೇ ಕಂಡುಕೊಳ್ಳಲಿ. ಎಲ್ಲ ಶಬ್ದಗಳಿಗೂ ಈ ಸೂತ್ರ ಅನ್ವಯಿಸದೆಂಬುದನ್ನೂ ತಿಳಿಸಿರಿ.
3. ಹಕ್ಕಿ–ಅಕ್ಕಿ, ಹಾಡು–ಆಡು, ಹಾರು–ಆರು ಜೋಡಿಗಳನ್ನು ಚಿತ್ರಗಳೊಡನೆ ಅಭ್ಯಾಸ ಮಾಡಿಸಿರಿ.
4. ‘ಹುಡುಗಿ ಹಕ್ಕಿಗೆ ಅಕ್ಕಿ ಹಾಕಿದಳು’ ಎಂಬಂತಹ ವಾಕ್ಯಗಳನ್ನು ಉಕ್ತಲೇಖನಕ್ಕೆ ಕೊಡಿರಿ.

ಎಚ್ಚರಿಕೆ: ತಿದ್ದುಪಡಿ ಅತಿಯಾದರೆ ಮಕ್ಕಳು ‘ಆನೆ’ಯನ್ನು ‘ಹಾನೆ’ ಎಂದು ಬರೆಯುವುದುಂಟು. ಇದು ಅಜ್ಞಾನವಲ್ಲ, ಅಂಜಿಕೆಯ ಫಲ.

ಮೌಲ್ಯಮಾಪನ: ಬರೆಹದಲ್ಲಿ ಹಕಾರವನ್ನು ಪರಿಶೀಲಿಸಿರಿ; ಕಥೆ ಹೇಳುವಾಗ ಆಡುಮಾತಿಗಾಗಿ ಅಂಕ ಕಳೆಯಬೇಡಿರಿ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ಮಾತೃಭಾಷೆಯು ಶಾಲೆಯ ಬಾಗಿಲಿಗೆ ಮೊದಲು ಬರುವುದು ಮಗುವಿನ ನಾಲಗೆಯ ಮೇಲಿನ ಈ ರೂಪದಲ್ಲಿಯೇ ಎಂಬುದನ್ನು ಶಿಕ್ಷಕರು ಮನಗಾಣಬೇಕು.