ಫೋನಿನ ದಿಕ್ಸೂಚಿ ದಾರಿ ತಪ್ಪಿದಾಗ: ಸರಿಪಡಿಸುವ ಸೂತ್ರಗಳು

ತಾರಸಿಯ ಮೇಲೆ ಡಿಟಿಎಚ್ ತಟ್ಟೆ ಕೂರಿಸುವ ಹುಡುಗ, ಸೋಲಾರ್ ಫಲಕಕ್ಕೆ ದಕ್ಷಿಣ ಹುಡುಕುವ ಎಲೆಕ್ಟ್ರಿಷಿಯನ್, ಪಾಯ ತೆಗೆಸುವ ಮುಂಚೆ ಸೈಟಿನ ಪೂರ್ವ ಯಾವುದೆಂದು ನೋಡಿಕೊಳ್ಳುವ ದಂಪತಿ, ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಇಳಿದು ಯಾವ ಕಡೆ ಹೊರಡಬೇಕೆಂದು ತಡವರಿಸುವ ಪ್ರಯಾಣಿಕ. ಇವರೆಲ್ಲ ಜೇಬಿನಿಂದ ತೆಗೆಯುವುದು ಫೋನನ್ನೇ. ಮುಳ್ಳು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಓಲಾಡಿದರೆ ‘ಸೆನ್ಸರ್ ಹೋಯ್ತು’ ಅನ್ನುವ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಬಹುಪಾಲು ಸಲ ಸೆನ್ಸರ್‌ಗೆ ಏನೂ ಆಗಿರುವುದಿಲ್ಲ. ಅದರ ಪಕ್ಕದಲ್ಲೇ ಯಾವುದೋ ಆಯಸ್ಕಾಂತ ಅಥವಾ ಕಬ್ಬಿಣ ಕೂತಿರುತ್ತದೆ. ಕಿವಿಯ ಬಳಿ ಡೋಲು ಬಾರಿಸುತ್ತಿದ್ದರೆ ದೂರದವರ ಮಾತು ಕೇಳಿಸುವುದಿಲ್ಲವಲ್ಲ, ಭೂಮಿಯ ಕಾಂತಕ್ಷೇತ್ರದ ಪಾಡೂ ಅಷ್ಟೆ. ಆದ್ದರಿಂದ ರಿಪೇರಿ ಅಂಗಡಿಗೆ ಹೊರಡುವ ಮುಂಚೆ ಈ ಕ್ರಮದಲ್ಲಿ ನೋಡುತ್ತಾ ಬನ್ನಿ.

1. ಸೆನ್ಸರ್ ಇದೆಯೇ ಎಂದು ಮೊದಲು ನೋಡಿ

2008ರ ಮೊದಲ ಆಂಡ್ರಾಯ್ಡ್ ಫೋನಿನಲ್ಲೇ ದಿಕ್ಸೂಚಿ ಇತ್ತು. 2009ರ ಐಫೋನ್ 3ಜಿಎಸ್‌ಗೂ ಬಂತು. ಆದರೆ ಇವತ್ತಿಗೂ ಎಷ್ಟೋ ಅಗ್ಗದ ಫೋನ್‌ಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಟ್ಯಾಬ್‌ಗಳಲ್ಲಿ, ಖರ್ಚು ಉಳಿಸಲು ಇದನ್ನು ಬಿಟ್ಟಿರುತ್ತಾರೆ. ನಿಮ್ಮ ಮಾಡೆಲ್‌ನ ಸೆನ್ಸರ್ ಪಟ್ಟಿಯಲ್ಲಿ ‘ಕಂಪಾಸ್’ ಅಥವಾ ‘ಮ್ಯಾಗ್ನೆಟೋಮೀಟರ್’ ಅನ್ನುವ ಪದ ಹುಡುಕಿ. ಇಲ್ಲದಿದ್ದರೆ ಯಾವ ಆ್ಯಪ್ ಹಾಕಿಕೊಂಡರೂ ಪ್ರಯೋಜನವಿಲ್ಲ. ನೇರವಾಗಿ ಹತ್ತನೇ ಸೂತ್ರಕ್ಕೆ ಹೋಗಿ. ಹೊಸ ಫೋನ್ ಕೊಳ್ಳುವವರು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವಾಗ ಇದನ್ನೂ ಒಂದು ಮಾತು ಕೇಳಿಬಿಡಿ.

2. ತಪ್ಪು ಯಾರದು ಎಂದು ಬೇರ್ಪಡಿಸಿ

ಗೂಗಲ್ ಮ್ಯಾಪ್ಸ್‌ನಲ್ಲಿ ನೀಲಿ ಚುಕ್ಕೆಯೇ ಬೇರೆ ಬೀದಿಯಲ್ಲಿ ಕೂತಿದ್ದರೆ ಅದು ಜಿಪಿಎಸ್ ತೊಂದರೆ. ಚುಕ್ಕೆ ಸರಿಯಾದ ಜಾಗದಲ್ಲಿದ್ದು, ಅದರಿಂದ ಹೊರಡುವ ನೀಲಿ ಬೆಳಕು ಮಾತ್ರ ತಪ್ಪು ದಿಕ್ಕಿಗಿದ್ದರೆ ಅದು ದಿಕ್ಸೂಚಿ ತೊಂದರೆ. ಆ ಬೆಳಕು ಅಗಲವಾಗಿ ಹರಡಿದೆ ಎಂದರೆ ಫೋನಿಗೇ ಅನುಮಾನವಿದೆ ಎಂದರ್ಥ. ಕಿರಿದಾದಷ್ಟೂ ನಂಬಿಕೆ ಹೆಚ್ಚು.

3. 40 ಎಂಬ ಅಂಕಿ ನೆನಪಿಟ್ಟುಕೊಳ್ಳಿ

ಈ ಪಟ್ಟಿಯಲ್ಲಿ ಒಂದೇ ಒಂದನ್ನು ಇಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಭೂಮಿಯ ಕಾಂತಕ್ಷೇತ್ರದ ಬಲ ಜಾಗದಿಂದ ಜಾಗಕ್ಕೆ ಸುಮಾರು 25ರಿಂದ 65 ಮೈಕ್ರೊಟೆಸ್ಲಾವರೆಗೆ ಬದಲಾಗುತ್ತದೆ. ಕರ್ನಾಟಕದಲ್ಲಿ ಅದು 40ರ ಆಸುಪಾಸು. ಬೀದರ್ ಕಡೆ ಹೋದಂತೆ ಕೊಂಚ ಹೆಚ್ಚು. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ‘ಫಿಫಾಕ್ಸ್’ ಎಂಬ ಉಚಿತ ಆ್ಯಪ್ ಆಂಡ್ರಾಯ್ಡ್‌ಗೂ ಐಫೋನ್‌ಗೂ ಸಿಗುತ್ತದೆ. ಅದರಲ್ಲಿ ಮ್ಯಾಗ್ನೆಟೋಮೀಟರ್ ತೆರೆದು ಒಟ್ಟು ಬಲ ಎಷ್ಟಿದೆ ನೋಡಿ.

40ರ ಹತ್ತಿರವಿದ್ದು, ಫೋನನ್ನು ಹೇಗೆ ತಿರುಗಿಸಿದರೂ ಅಲ್ಲೇ ನಿಂತರೆ ಸೆನ್ಸರ್ ಗಟ್ಟಿಮುಟ್ಟಾಗಿದೆ. 90, 150 ಎಂದು ತೋರಿಸುತ್ತಿದ್ದರೆ ಹತ್ತಿರದಲ್ಲೇ ಏನೋ ಇದೆ. ನೀವು ಜಾಗ ಬದಲಿಸಿದಂತೆ ಅಂಕಿಯೂ ಬದಲಾದರೆ ತೊಂದರೆ ಜಾಗದ್ದು. ಎಲ್ಲಿಗೆ ಹೋದರೂ ಏರಿದ ಅಂಕಿ ಇಳಿಯುವುದೇ ಇಲ್ಲವೆಂದರೆ ಆಯಸ್ಕಾಂತ ಫೋನಿನ ಜೊತೆಯಲ್ಲೇ ಪ್ರಯಾಣ ಮಾಡುತ್ತಿದೆ. ಅಂಕಿ ಸೊನ್ನೆಯಲ್ಲೇ ಸತ್ತು ಬಿದ್ದಿದ್ದರೆ ಮಾತ್ರ ಚಿಪ್ ಮೇಲೆ ಅನುಮಾನ ಪಡಿ.

ಬಹಳಷ್ಟು ಸ್ಯಾಮ್‌ಸಂಗ್ ಫೋನ್‌ಗಳಲ್ಲಿ ಆ್ಯಪ್ ಕೂಡ ಬೇಡ: ಕರೆ ಮಾಡುವ ಜಾಗದಲ್ಲಿ *#0*# ಒತ್ತಿದರೆ ಸೆನ್ಸರ್ ಪರೀಕ್ಷೆ ತೆರೆದುಕೊಳ್ಳುತ್ತದೆ. ಶವೋಮಿಯಲ್ಲಿ *#*#6484#*#*. ಆಂಡ್ರಾಯ್ಡ್ ತನ್ನ ದಿಕ್ಸೂಚಿಗೆ ತಾನೇ 0ರಿಂದ 3ರವರೆಗೆ ಅಂಕ ಕೊಟ್ಟುಕೊಳ್ಳುತ್ತದೆ. 3 ಇದ್ದರೆ ಚೆನ್ನ, 0 ಎಂದರೆ ನಂಬಬಾರದು.

4. ಜೊತೆಯಲ್ಲಿರುವ ಆಯಸ್ಕಾಂತ ಕಳಚಿ

ಮುಚ್ಚಿದರೆ ‘ಟಪ್’ ಎಂದು ಅಂಟಿಕೊಳ್ಳುವ ಫ್ಲಿಪ್ ಕವರ್, ಟ್ಯಾಬ್‌ನ ಮಡಚುವ ಕವರ್, ಕಾರಿನ ಸ್ಟ್ಯಾಂಡಿಗೆಂದು ಫೋನಿನ ಬೆನ್ನಿಗೆ ಅಂಟಿಸಿದ ಕಬ್ಬಿಣದ ಬಿಲ್ಲೆ, ಹಿಂದೆ ಅಂಟುವ ಪವರ್ ಬ್ಯಾಂಕ್, ಬೆರಳು ಸಿಕ್ಕಿಸುವ ಉಂಗುರ. ಎಲ್ಲ ತೆಗೆಯಿರಿ. ಐಫೋನ್ 12ರಿಂದ ಈಚಿನ ಬಹುತೇಕ ಐಫೋನ್‌ಗಳ ಬೆನ್ನಿನಲ್ಲಿ ಕಂಪನಿಯೇ ಆಯಸ್ಕಾಂತದ ಬಳೆ ಇಟ್ಟಿದೆ. ಅದರ ಲೆಕ್ಕ ಫೋನಿಗೆ ಗೊತ್ತು. ನೀವು ಹೊರಗಿನಿಂದ ಅಂಟಿಸಿದ್ದು ಗೊತ್ತಿಲ್ಲ.

ಕಣ್ಣಾರೆ ನೋಡಬೇಕೆಂದರೆ ಇಯರ್‌ಬಡ್ಸ್ ಡಬ್ಬಿ ತನ್ನಿ. ಇಯರ್‌ಬಡ್‌ಗಳು ಗೂಡಿನಲ್ಲಿ ಕೂರುವುದು, ಮುಚ್ಚಳ ಹಿಡಿದುಕೊಳ್ಳುವುದು ಆಯಸ್ಕಾಂತದಿಂದಲೇ. ಫಿಫಾಕ್ಸ್ ತೆರೆದ ಫೋನನ್ನು ಮೇಜಿನ ಮೇಲಿಟ್ಟು, ಡಬ್ಬಿಯನ್ನು ಒಂದು ಅಡಿ ದೂರದಿಂದ ಮೆಲ್ಲಗೆ ಹತ್ತಿರ ತನ್ನಿ. ಬಹಳ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ನಾಲ್ಕು ಬೆರಳಷ್ಟು ದೂರ ಉಳಿದಾಗ ಗೆರೆ ತಟ್ಟನೆ ಮೇಲಕ್ಕೆ ಏರುತ್ತದೆ. ಕಾರಣ ಇಷ್ಟೆ: ಇಂಥ ಸಣ್ಣ ಆಯಸ್ಕಾಂತದ ಪ್ರಭಾವ, ದೂರ ಎರಡು ಪಟ್ಟಾದರೆ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಈ ಲೆಕ್ಕ ನಮಗೆ ವರವೇ ಸರಿ. ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಬರಬೇಕಿಲ್ಲ, ಅಂಗಿ ಜೇಬಿನಿಂದ ಬೆನ್ನ ಮೇಲಿನ ಚೀಲಕ್ಕೆ ವರ್ಗಾಯಿಸಿದರೆ ಸಾಕು. ವ್ಯಾನಿಟಿ ಬ್ಯಾಗಿನ ಗುಂಡಿ, ಮ್ಯಾಗ್ನೆಟ್ ಪಟ್ಟಿಯ ಸ್ಮಾರ್ಟ್‌ವಾಚ್, ಲ್ಯಾಪ್‌ಟಾಪ್ ಮುಚ್ಚಳ, ಸ್ಪೀಕರ್ ಎಲ್ಲದಕ್ಕೂ ಇದೇ ಮಾತು.

5. ನಿಂತ ಜಾಗ ಬಿಟ್ಟು ಬನ್ನಿ

ಗೋಡ್ರೆಜ್ ಬೀರುವಿನ ಪಕ್ಕ, ಕಬ್ಬಿಣದ ಮಂಚದ ಮೇಲೆ, ಕಾರಿನೊಳಗೆ, ಸ್ಕೂಟರ್ ಸೀಟಿನ ಮೇಲೆ ದಿಕ್ಕು ನೋಡಬೇಡಿ. ಮೋಲ್ಡ್ ಹಾಕಿದ ಮನೆಯ ನೆಲದಲ್ಲೂ ಕಂಬದಲ್ಲೂ ಸರಳುಗಳಿವೆ. ಫೋನನ್ನು ನೆಲದ ಮೇಲಿಟ್ಟು ನೋಡುವ ಬದಲು ಎದೆಯ ಎತ್ತರಕ್ಕೆ ಹಿಡಿಯಿರಿ, ಕಂಬದಿಂದ ನಾಲ್ಕು ಹೆಜ್ಜೆ ಸರಿಯಿರಿ. ಡಿಟಿಎಚ್ ಕೂರಿಸುವವರು ಫೋನನ್ನು ಉಕ್ಕಿನ ತಟ್ಟೆಗೇ ಒರಗಿಸಿ ನೋಡುವುದುಂಟು. ದೂರ ನಿಂತು ದಿಕ್ಕು ನೋಡಿ, ಆ ನೇರದಲ್ಲಿ ಕಾಣುವ ತೆಂಗಿನ ಮರವನ್ನೋ ನೀರಿನ ಟ್ಯಾಂಕನ್ನೋ ಗುರುತಿಟ್ಟುಕೊಂಡು, ಆಮೇಲೆ ತಟ್ಟೆಯನ್ನು ಅತ್ತ ತಿರುಗಿಸುವುದು ಸರಿಯಾದ ಕ್ರಮ. ಹೊಸ ಸೈಟಿನಲ್ಲಿ ಸರಳಿನ ರಾಶಿ ಬಂದು ಬೀಳುವ ಮುಂಚೆಯೇ ದಿಕ್ಕು ನೋಡಿ ಗೂಟ ಹೊಡೆದುಬಿಡಿ. ಕುದುರೆಮುಖದ ಕಡೆ ಚಾರಣ ಹೋಗುವವರು ಅಲ್ಲಿನ ಬೆಟ್ಟಗಳಲ್ಲಿ ಮ್ಯಾಗ್ನೆಟೈಟ್ ಅದಿರು ಇದೆ ಎಂಬುದನ್ನು ಮರೆಯಬಾರದು. ಬಂಡೆಯ ಮೇಲೆ ಫೋನ್ ಇಟ್ಟು ನೋಡುವುದು ಅಲ್ಲಿ ಬೇಡವೇ ಬೇಡ.

ವಿದ್ಯುತ್ ಹರಿಯುವ ಜಾಗವೂ ಹೀಗೆಯೇ. ನಮ್ಮ ಮೆಟ್ರೊ ಓಡುವುದು ಹಳಿಯ ಪಕ್ಕದ ಮೂರನೇ ಹಳಿಯಲ್ಲಿ ಹರಿಯುವ 750 ವೋಲ್ಟ್ ಡಿಸಿ ವಿದ್ಯುತ್ತಿನಿಂದ. ಬೋಗಿಯೊಳಗೆ, ಪ್ಲಾಟ್‌ಫಾರ್ಮ್ ಮೇಲೆ ಮುಳ್ಳು ಕುಣಿದರೆ ಫೋನನ್ನು ಬೈಯಬೇಡಿ. ದೊಡ್ಡ ದೊಡ್ಡ ಉಪಕರಣಗಳೇ ಇದಕ್ಕೆ ಸೋತಿವೆ. ಮುಂಬೈಯ ಕೊಲಾಬಾ ವೀಕ್ಷಣಾಲಯದಲ್ಲಿ 1841ರಿಂದ ಭೂಮಿಯ ಕಾಂತಕ್ಷೇತ್ರ ಅಳೆಯುತ್ತಿದ್ದರು. ನಗರದ ಕುದುರೆ ಟ್ರಾಮ್ ಹೋಗಿ ವಿದ್ಯುತ್ ಟ್ರಾಮ್ ಬರುತ್ತದೆ ಎಂದಾದಾಗ ಅಳತೆ ಕೆಡುತ್ತದೆಂದು ಇಡೀ ಕೆಲಸವನ್ನೇ ಅಲಿಬಾಗ್‌ಗೆ ಸಾಗಿಸಿದರು. 1904ರಲ್ಲಿ ಅಲ್ಲಿ ಅಳತೆ ಶುರುವಾಯಿತು. ಕಾಂತಗುಣವಿಲ್ಲದ ಪೋರಬಂದರಿನ ಕಲ್ಲನ್ನು ಆರಿಸಿ ತಂದು ಕಟ್ಟಡ ಕಟ್ಟಿದ್ದರು. ಭಾರತೀಯ ಭೂಕಾಂತತ್ವ ಸಂಸ್ಥೆ ಅದನ್ನು ಇಂದಿಗೂ ನಡೆಸುತ್ತಿದೆ. ಅಂಥವರೇ ಊರು ಬಿಟ್ಟು ಹೋದರು ಎಂದಮೇಲೆ ನಾವು ನಿಲ್ದಾಣದಿಂದ ಹೊರಬಂದು ನಾಲ್ಕು ಹೆಜ್ಜೆ ನಡೆದು ದಿಕ್ಕು ನೋಡುವುದು ಹೆಚ್ಚಿನ ಶ್ರಮವೇನಲ್ಲ.

6. ಎಂಟು ಬರೆಯಿರಿ, ಆದರೆ ಬಯಲಿನಲ್ಲಿ

ಫೋನನ್ನು ಗಾಳಿಯಲ್ಲಿ ಇಂಗ್ಲಿಷ್‌ನ 8ರಂತೆ ಆಡಿಸುವುದು ಎಲ್ಲರಿಗೂ ಗೊತ್ತು. ಏಕೆಂದು ಗೊತ್ತಿದ್ದರೆ ಸರಿಯಾಗಿ ಮಾಡುತ್ತೀರಿ. ಸೆನ್ಸರ್ ಮೂರು ಅಕ್ಷಗಳಲ್ಲಿ ಅಳೆಯುತ್ತದೆ. ಫೋನು ಎಲ್ಲ ಕಡೆಗೂ ಮಗುಚಿದಾಗ ಆ ಅಳತೆಗಳೆಲ್ಲ ಸೇರಿ ಒಂದು ಗೋಳವಾಗಬೇಕು. ಫೋನಿನೊಳಗಿನ ಸ್ಪೀಕರ್, ಉಕ್ಕಿನ ಬಿಡಿಭಾಗಗಳು ಆ ಗೋಳವನ್ನು ಒಂದು ಬದಿಗೆ ತಳ್ಳಿರುತ್ತವೆ. ಎಷ್ಟು ತಳ್ಳಿವೆ ಎಂದು ಲೆಕ್ಕ ಹಾಕಿ ಕಳೆಯುವುದೇ ಕ್ಯಾಲಿಬ್ರೇಶನ್. ಹಾಗಾಗಿ ಬರೀ ಕೈ ಬೀಸಿದರೆ ಸಾಲದು. ಮಣಿಕಟ್ಟು ತಿರುಚಿ ಪರದೆ ಆಕಾಶಕ್ಕೂ ನೆಲಕ್ಕೂ ಎಡಬಲಕ್ಕೂ ಮುಖ ಮಾಡುವಂತೆ ನಿಧಾನವಾಗಿ ಆಡಿಸಿ. ಮ್ಯಾಪ್ಸ್‌ನಲ್ಲಿ ನೀಲಿ ಚುಕ್ಕೆ ಒತ್ತಿದರೆ ಕ್ಯಾಲಿಬ್ರೇಟ್ ಆಯ್ಕೆ ಸಿಗುತ್ತದೆ. ಎದುರಿನ ಕಟ್ಟಡಗಳಿಗೆ ಕ್ಯಾಮೆರಾ ಹಿಡಿಯುವ ಆಯ್ಕೆ ಕಾಣಿಸಿದರೆ ಪೇಟೆಯಲ್ಲಿ ಅದೇ ಮೇಲು. ಚಿತ್ರ ನೋಡಿ ದಿಕ್ಕು ಕಂಡುಕೊಳ್ಳುವುದಕ್ಕೆ ಕಬ್ಬಿಣದ ಕಾಟವಿಲ್ಲ.

ಕಾರಿನಲ್ಲಿ, ಬೀರುವಿನ ಬಳಿ, ಮೆಟ್ರೊ ಬೋಗಿಯಲ್ಲಿ ಎಂಟು ಬರೆದರೆ ಆ ಜಾಗದ ತಪ್ಪನ್ನೇ ಫೋನು ಕಲಿತುಕೊಳ್ಳುತ್ತದೆ. ಹೊರಗೆ ಬಂದ ಮೇಲೆ ಮೊದಲಿಗಿಂತ ಹೆಚ್ಚು ತಪ್ಪು ತೋರಿಸುತ್ತದೆ. ಜನ ಇಲ್ಲೇ ಹೆಚ್ಚು ಎಡವುವುದು.

7. ನಾಲ್ಕು ಸಲ ತಿರುಗಿಸಿ ಪರೀಕ್ಷಿಸಿ

ಮರದ ಮೇಜಿನ ಅಂಚಿಗೆ ಫೋನನ್ನು ಸೇರಿಸಿಟ್ಟು ಡಿಗ್ರಿ ಬರೆದುಕೊಳ್ಳಿ. ಕಾಲು ಸುತ್ತು ತಿರುಗಿಸಿ ಮತ್ತೆ ಅಂಚಿಗೆ ಸೇರಿಸಿ. ಹೀಗೆ ನಾಲ್ಕು ಬದಿ. ಪ್ರತಿ ಸಲ 90 ಕೂಡುತ್ತಾ ಹೋಗಬೇಕು. ಒಂದೆಡೆ 70, ಇನ್ನೊಂದೆಡೆ 110 ಬಂದರೆ ಕ್ಯಾಲಿಬ್ರೇಶನ್ ಇನ್ನೂ ಕೂತಿಲ್ಲ. ಎರಡು, ಮೂರು ಡಿಗ್ರಿ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

8. ಸೆಟ್ಟಿಂಗ್ಸ್ ಒಮ್ಮೆ ನೋಡಿ

ಐಫೋನ್‌ನಲ್ಲಿ ಪ್ರೈವೆಸಿ, ಲೊಕೇಶನ್ ಸರ್ವಿಸಸ್, ಸಿಸ್ಟಮ್ ಸರ್ವಿಸಸ್ ಎಂದು ಒಳಗೆ ಹೋದರೆ ‘ಕಂಪಾಸ್ ಕ್ಯಾಲಿಬ್ರೇಶನ್’ ಇರುತ್ತದೆ. ಅದು ಆನ್ ಆಗಿರಲಿ. ನಿಜವಾದ ಉತ್ತರಕ್ಕೂ ಕಾಂತ ಉತ್ತರಕ್ಕೂ ಇರುವ ವ್ಯತ್ಯಾಸ ಕರ್ನಾಟಕದಲ್ಲಿ ಒಂದೆರಡು ಡಿಗ್ರಿ ಮಾತ್ರ, ಬಿಟ್ಟುಬಿಡಬಹುದು. ಸ್ಯಾನ್ ಫ್ರಾನ್ಸಿಸ್ಕೊ ಕಡೆ ನೆಲೆಸಿದ ಕನ್ನಡಿಗರಿಗೆ ಅದು ಹದಿಮೂರರ ಹತ್ತಿರ. ಅಲ್ಲಿ ‘ಟ್ರೂ ನಾರ್ತ್’ ಆಯ್ಕೆ ಆನ್ ಮಾಡಲೇಬೇಕು.

9. ಟ್ಯಾಬ್ ಸರಿಯಾಗಿ 90 ಡಿಗ್ರಿ ತಪ್ಪಿದರೆ

ಅದು ಸೆನ್ಸರ್ ತಪ್ಪಲ್ಲ, ಆ್ಯಪ್ ತಪ್ಪು. ಎಷ್ಟೋ ಟ್ಯಾಬ್‌ಗಳಿಗೆ ಅಡ್ಡ ಹಿಡಿಯುವುದೇ ಮೂಲ ಭಂಗಿ. ಫೋನಿಗಾಗಿ ಬರೆದ ಹಳೆಯ ಆ್ಯಪ್ ಉದ್ದ ಹಿಡಿದಿದ್ದೀರಿ ಎಂದುಕೊಳ್ಳುತ್ತದೆ. ಆ್ಯಪ್ ಬದಲಿಸಿ.

10. ಸೂರ್ಯನನ್ನು ಸಾಕ್ಷಿಗೆ ಕರೆಯಿರಿ

ಮನೆ ಕಟ್ಟುವಂಥ ಕೆಲಸಕ್ಕೆ ಫೋನಿನ ಮಾತೊಂದೇ ಸಾಲದು. ಕಾತ್ಯಾಯನ ಶುಲ್ಬಸೂತ್ರದಲ್ಲಿರುವ ಶಂಕುವಿನ ವಿಧಾನ ಇವತ್ತಿಗೂ ಚಾಚೂ ತಪ್ಪದೆ ಕೆಲಸ ಮಾಡುತ್ತದೆ. ಸಮತಟ್ಟು ನೆಲದಲ್ಲಿ ನೆಟ್ಟಗೆ ಒಂದು ಕೋಲು ನೆಟ್ಟು, ಅದನ್ನೇ ನಡುವಾಗಿಟ್ಟು ಹಗ್ಗದಿಂದ ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿ ಒಳಗೆ ಬರುವ ಜಾಗಕ್ಕೊಂದು ಗುರುತು, ಮಧ್ಯಾಹ್ನದ ಮೇಲೆ ಹೊರಗೆ ಹೋಗುವ ಜಾಗಕ್ಕೊಂದು ಗುರುತು. ಎರಡನ್ನೂ ಸೇರಿಸುವ ದಾರವೇ ಪೂರ್ವ-ಪಶ್ಚಿಮ. ಬೆಳಗಿನ ಗುರುತು ಪಶ್ಚಿಮದ ಕಡೆಯದು. ಮೇಸ್ತ್ರಿಗೆ ಗಡಿಯಾರವೂ ಬೇಡ.

ಇಷ್ಟು ಪುರುಸೊತ್ತಿಲ್ಲದವರು, ಊರಿನ ಅಪರಿಚಿತ ಬೀದಿಯಲ್ಲಿ ನಿಂತವರು, ಫೋನ್ ಹಿಡಿದು ನೇರವಾಗಿ ಇಪ್ಪತ್ತು ಹೆಜ್ಜೆ ನಡೆಯಿರಿ. ಚುಕ್ಕೆ ನಕ್ಷೆಯಲ್ಲಿ ಯಾವ ಕಡೆ ಸರಿಯಿತೋ ನೀವು ಆ ಕಡೆ ಹೋಗುತ್ತಿದ್ದೀರಿ. ಜಿಪಿಎಸ್‌ಗೆ ಆಯಸ್ಕಾಂತದ ಭಯವಿಲ್ಲ.

11. ರಿಪೇರಿಗೆ ಕೊಡುವಾಗ ಇಷ್ಟು ಹೇಳಿ

ಪರದೆ, ಸ್ಪೀಕರ್ ಅಥವಾ ಬ್ಯಾಟರಿ ಬದಲಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಅದನ್ನು ಮೊದಲು ತಿಳಿಸಿ. ಬೇರೆ ಸ್ಕ್ರೂ, ಬೇರೆ ಸ್ಪೀಕರ್ ಕೂತರೆ ಒಳಗಿನ ಕಾಂತಕ್ಷೇತ್ರವೂ ಬದಲಾಗುತ್ತದೆ. ಕವರ್ ಇಲ್ಲದೆ, ಬಯಲಿನಲ್ಲಿ, ಎಂಟು ಬರೆದಾದ ಮೇಲೂ ಬಂದ ಅಂಕಿ ಎಷ್ಟೆಂದು ಒಂದು ಸ್ಕ್ರೀನ್‌ಶಾಟ್ ತೆಗೆದುಕೊಂಡು ಹೋಗಿ ತೋರಿಸಿ. ಚಿಪ್ ಒಂದೆರಡು ಮಿಲಿಮೀಟರ್ ಅಗಲದ್ದು, ಮುಖ್ಯ ಬೋರ್ಡಿಗೇ ಬೆಸೆದಿರುತ್ತದೆ. ಹಳೆಯ ಫೋನಾದರೆ ಅದೊಂದಕ್ಕಾಗಿ ಬೋರ್ಡ್ ಬಿಚ್ಚಿಸುವ ಖರ್ಚು ಬೇಡ. ಚಾರಣಕ್ಕೆ ಬೇಕಿದ್ದರೆ ಎಣ್ಣೆ ತುಂಬಿದ ಪುಟ್ಟ ಮುಳ್ಳಿನ ದಿಕ್ಸೂಚಿಯನ್ನೇ ಕೊಳ್ಳಿ, ಮತ್ತು ಅದನ್ನು ಫೋನ್ ಇರುವ ಜೇಬಿನಲ್ಲಿ ಇಡಬೇಡಿ.