ಮುತ್ಯಾ–ಆಯಿಯರ ಬಾಲ್ಯವನ್ನು ಕೇಳಿ ಬರೆದಿಡುವ ಬಗೆ

ಪ್ರತಿ ವರ್ಷವೂ ಈ ವಾರ್ಷಿಕ ಸಂಚಿಕೆಗಾಗಿ ನೀವು ‘ನಮ್ಮ ಊರು’ ಎಂಬ ವಿಷಯದ ಮೇಲೆ ಪ್ರಬಂಧ ಬರೆದು ಕೊಡುತ್ತೀರಿ. ಅವುಗಳನ್ನು ಓದುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಹತ್ತು ಪ್ರಬಂಧಗಳಲ್ಲಿ ಒಂಬತ್ತು ಒಂದೇ ಎರಕದಲ್ಲಿ ಹೊಯ್ದಂತೆ ಇರುತ್ತವೆ. ಊರಲ್ಲಿ ಗುಡಿಯಿದೆ, ಶಾಲೆಯಿದೆ, ಜನರು ಒಕ್ಕಲುತನ ಮಾಡುತ್ತಾರೆ, ನಮ್ಮ ಊರು ನಮಗೆ ಬಲು ಪ್ರೀತಿಯದು, ಇಷ್ಟಕ್ಕೆ ಮುಗಿಯಿತು. ಅಸಂಗಿ ಎಂಬ ಹೆಸರನ್ನು ತೆಗೆದು ಬೇರೆ ಹೆಸರನ್ನಿಟ್ಟರೆ ಅದೇ ಪ್ರಬಂಧವು ಯಾವ ಊರಿಗಾದರೂ ಸಲ್ಲುವುದು. ಇದರಲ್ಲಿ ತಪ್ಪು ನಿಮ್ಮದಲ್ಲ. ಊರನ್ನು ಬಲ್ಲವರು ನಿಮ್ಮ ಮನೆಯ ಕಟ್ಟೆಯ ಮೇಲೆಯೇ ಕುಳಿತಿರುವಾಗ, ಅವರನ್ನು ಕೇಳಿ ಬರೆಯಿರೆಂದು ನಾವು ನಿಮಗೆ ಕಲಿಸಲಿಲ್ಲ. ಈ ಸಲ ಆ ಪಾಠವನ್ನು ಹೇಳಿಕೊಡಬಯಸುತ್ತೇವೆ. ಪಾಲಕರೂ ಇದನ್ನು ಓದಬೇಕೆಂದು ನಮ್ಮ ವಿನಂತಿ.

ಮೊದಲನೆಯದು ಕೇಳುವ ಬಗೆ. “ಆಯೀ, ನೀ ಸಣ್ಣಾಕಿ ಇದ್ದಾಗ ಹೆಂಗಿತ್ತು?” ಎಂದು ಕೇಳಿದರೆ, “ಏನ ಹೇಳ್ಲೋ ತಮ್ಮಾ, ಭಾಳ ಕಷ್ಟಿತ್ತು” ಎಂಬ ಉತ್ತರ ಬರುವುದು. ಅದು ಸುಳ್ಳಲ್ಲ; ಆದರೆ ಅದರಿಂದ ಅರ್ಧ ಪುಟವೂ ತುಂಬದು. ನೆನಪುಗಳು ವಸ್ತುಗಳಿಗೆ ಅಂಟಿಕೊಂಡಿರುತ್ತವೆ. ಆದ್ದರಿಂದ ಒಂದು ವಸ್ತುವನ್ನು ಹಿಡಿದು ಕೇಳಿರಿ. ನೀರು ಯಾವ ಬಾವಿಯಿಂದ ತರುತ್ತಿದ್ದಿರಿ? ಕೊಡ ಮಣ್ಣಿನದೋ, ತಾಮ್ರದ್ದೋ? ಬಾವಿಯಲ್ಲಿ ನೀರು ತಳ ಕಂಡಾಗ ಒಳಗೆ ಇಳಿಯುತ್ತಿದ್ದವರು ಯಾರು? ಹೀಗೆ ಕೇಳಿದೊಡನೆ ಆಯಿಯ ಮುಖ ಬೇರೆಯಾಗುವುದನ್ನು ನೀವೇ ಕಾಣುವಿರಿ.

ನಮ್ಮನ್ನೇ ಉದಾಹರಣೆಗೆ ತೆಗೆದುಕೊಳ್ಳಿರಿ. ‘ನಿಮ್ಮ ಶಾಲೆಯ ದಿನಗಳು’ ಎಂದು ಯಾರಾದರೂ ಕೇಳಿದರೆ ನಮಗೂ ಮಾತು ಹೊರಡದು. ‘ನಿಮ್ಮ ಪಾಟಿ ಹೇಗಿತ್ತು?’ ಎಂದು ಕೇಳಲಿ. ಅದು ಮೂಲೆ ಮುರಿದ ಕಲ್ಲಿನ ಪಾಟಿ. ಅದರ ಕಟ್ಟಿಗೆಯ ಚೌಕಟ್ಟಿನ ಒಂದು ಬದಿ ಹೋಗಿ ಅಲ್ಲಿ ದಾರ ಸುತ್ತಿತ್ತು. ನಮಗಿಂತ ಮೊದಲು ಅದು ಅಣ್ಣನದಾಗಿತ್ತು, ಅಣ್ಣನಿಗಿಂತ ಮೊದಲು ಅಕ್ಕನದು. ಅಕ್ಕನು ಮೂರನೆಯ ಇಯತ್ತೆಯಲ್ಲಿಯೇ ಶಾಲೆ ಬಿಟ್ಟಳು. ಮನೆಯಲ್ಲಿ ಕೂಸನ್ನು ಎತ್ತಿಕೊಳ್ಳುವವರು ಬೇಕಾಗಿದ್ದರು. ಆ ಕೂಸು ನಾವೇ. ಒಂದು ಪಾಟಿಯ ಮಾತು ಎಲ್ಲಿಗೆ ಹೋಗಿ ನಿಂತಿತು ನೋಡಿರಿ. ನಿಮ್ಮ ಆಯಿಯು ಎಷ್ಟು ಕಲಿತಿದ್ದಾಳೆಂದು ಕೇಳಿ ಸುಮ್ಮನಾಗಬೇಡಿರಿ. ಏಕೆ ನಿಂತಿತೆಂದೂ ಕೇಳಿರಿ.

ಶನಿವಾರ ಬೆಳಗಿನ ಶಾಲೆಯಿರುತ್ತಿತ್ತು. ಅಂದು ಹುಡುಗರು ಸಗಣಿ, ನೀರು ತರುವುದು, ಹುಡುಗಿಯರು ನೆಲ ಸಾರಿಸುವುದು ವಾಡಿಕೆ. ಸಾರಿಸಿದ ನೆಲ ಒಣಗುವವರೆಗೆ ಹೊರಗೆ ಮಗ್ಗಿ ಹೇಳುತ್ತ ನಿಲ್ಲಬೇಕು. ಮಣ್ಣೆತ್ತಿನ ಅಮಾವಾಸ್ಯೆಗೆ ಕರಿಯ ಎರೆಮಣ್ಣನ್ನು ಹುಡುಕಿ ತಂದು ಎತ್ತುಗಳನ್ನು ಮಾಡಿ, ಜೋಳದ ಕಾಳನ್ನು ಕಣ್ಣಾಗಿ ಒತ್ತುತ್ತಿದ್ದೆವು. ಚಳಿಯಲ್ಲಿ ಹಾಲುಗಾಳಿನ ಬಿಳಿಜೋಳದ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು ತಿಕ್ಕಿದರೆ ಸೀತನಿ; ಅದನ್ನು ಬೆಲ್ಲದೊಡನೆ ತಿಂದ ಬಾಯಿಗೆ ಪೇಟೆಯ ಯಾವ ತಿನಿಸೂ ಇಂದಿಗೂ ರುಚಿಸದು (ಇದು ಮುದುಕರ ಹಟವೆಂದು ನೀವು ನಗಬಹುದು). ಮಳೆ ಹೋಯಿತೆಂದರೆ ಗುರ್ಚಿ. ಒಬ್ಬ ಹುಡುಗನ ತಲೆಯ ಮೇಲೆ ರೊಟ್ಟಿಯ ಹಂಚು, ಹಂಚಿನ ಮೇಲೆ ಸಗಣಿಯ ಗುರ್ಚಿ. ಮನೆಮನೆಯ ಮುಂದೆ ನಿಂತು ಹಾಡಿದರೆ ಮನೆಯವರು ಗುರ್ಚಿಯ ಮೇಲೆ ನೀರು ಸುರಿದು ಹಿಟ್ಟು ನೀಡುವರು. ಹುಡುಗನು ತೊಯ್ದು ನಡುಗುತ್ತಿದ್ದರೂ ಹಂಚನ್ನು ಬಿಡುವಂತಿರಲಿಲ್ಲ. ಅದು ಆಟವೋ ಪ್ರಾರ್ಥನೆಯೋ ಎಂಬುದು ನಮಗೆ ಆಗ ತಿಳಿಯುತ್ತಿರಲಿಲ್ಲ.

ಎರಡನೆಯದು ಕಾಲ ಗೊತ್ತುಮಾಡುವ ಬಗೆ. ಹಿರಿಯರು ಇಸವಿ ಹೇಳುವುದಿಲ್ಲ, ಘಟನೆ ಹೇಳುತ್ತಾರೆ. ‘ಸಂಸ್ಥಾನ ಹೋದ ವರ್ಷ’ ಎಂದರೆ ಡಫಳೆ ಅರಸರ ಜತ್ತ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ಸೇರಿಹೋದ 1948. ದಕ್ಷಿಣ ಸಾತಾರಾ ಎಂದಿದ್ದ ಜಿಲ್ಲೆಗೆ ಸಾಂಗಲಿಯೆಂಬ ಹೆಸರು ಬಂದುದು 1960ರಲ್ಲಿ. ಮಹಾರಾಷ್ಟ್ರ ರಾಜ್ಯ ಹುಟ್ಟಿದ್ದೂ ಅದೇ ವರ್ಷ. ‘ನೆಲ ನಡುಗಿದ ವರ್ಷ’ ಎಂದರೆ 1967. ಆ ಡಿಸೆಂಬರ 11ರ ನಸುಕಿನಲ್ಲಿ ಕೊಯನಾ ಭೂಕಂಪವಾಯಿತು. ‘ದೊಡ್ಡ ಬರ’ವೆಂದರೆ 1972. ಈ ನಾಲ್ಕು ಇಸವಿಗಳನ್ನು ವಹಿಯ ಮೊದಲ ಪುಟದಲ್ಲಿ ಬರೆದುಕೊಂಡು, “ಅದಕ್ಕಿಂತ ಮೊದಲೋ, ಆಮೇಲೋ?” ಎಂದು ಕೇಳಿದರೆ ಕಾಲವು ತಾನಾಗಿಯೇ ಹೊರಬೀಳುವುದು.

ಮೂರನೆಯದು ಮಾತಿನ ವಿಷಯ. ಇಲ್ಲಿ ನಾವು ಸ್ವಲ್ಪ ದೂರ ಹೋಗಬೇಕಾಗಿದೆ. ಬ್ರಿಟನ್ ದ್ವೀಪದ ಉತ್ತರಕ್ಕೆ ಸ್ಕಾಟ್ಲೆಂಡವಿದೆ. ಅದರ ಗುಡ್ಡಗಾಡಿನ ಮತ್ತು ದ್ವೀಪಗಳ ಹಳ್ಳಿಗಳಲ್ಲಿ ಹಿಂದೆ ಮನೆಯ ಮಾತು ಗೇಲಿಕ್, ಶಾಲೆಯ ಮಾತು ಇಂಗ್ಲಿಷ್ ಆಗಿತ್ತು. 1872ರ ಶಿಕ್ಷಣ ಕಾಯಿದೆಯಲ್ಲಿ ಗೇಲಿಕ್ ಭಾಷೆಗೆ ಎಡೆಯೇ ಇರಲಿಲ್ಲ. ಶಾಲೆಯಲ್ಲಿ ತಾಯಿನುಡಿಯಾಡಿದ್ದಕ್ಕಾಗಿ ಏಟು ತಿಂದ ಮಕ್ಕಳು ಎಷ್ಟೋ ಮಂದಿ. ಅಲ್ಲಿ ಜೌಗುನೆಲವನ್ನು ಇಟ್ಟಿಗೆಯಂತೆ ಕಡಿದು, ಒಣಗಿಸಿ, ಉರುವಲಾಗಿ ಉಪಯೋಗಿಸುವರು. ಅದಕ್ಕೆ ಪೀಟ್ ಎಂದು ಹೆಸರು. ಚಳಿಗಾಲದಲ್ಲಿ ಶಾಲೆಯ ಒಲೆಗಾಗಿ ಪ್ರತಿಯೊಂದು ಮಗುವೂ ಮನೆಯಿಂದ ಒಂದು ಪೀಟ್ ಹೆಂಟೆಯನ್ನು ಬಗಲಲ್ಲಿಟ್ಟುಕೊಂಡು ಬರುತ್ತಿತ್ತು. ನಾವು ಸಗಣಿ ಹೊತ್ತೆವು, ಅವರು ಪೀಟ್ ಹೊತ್ತರು. ನಮ್ಮಲ್ಲಿ ಸುಗ್ಗಿಗೆ ಮಕ್ಕಳು ಶಾಲೆ ತಪ್ಪಿಸುವಂತೆ, ಅಲ್ಲಿ ಆಲೂಗಡ್ಡೆ ಅಗೆಯುವುದಕ್ಕಾಗಿ ಅಕ್ಟೋಬರದಲ್ಲಿ ಶಾಲೆಗೆ ಸೂಟಿಯನ್ನೇ ಕೊಡುತ್ತಿದ್ದರು.

ಈ ಸಂಗತಿಗಳು ದೂರದ ನಮ್ಮವರೆಗೂ ಬಂದುದು ಹೇಗೆ? ಕೇಳಿ ಬರೆದವರು ಇದ್ದುದರಿಂದ. 1951ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ‘ಸ್ಕೂಲ್ ಆಫ್ ಸ್ಕಾಟಿಷ್ ಸ್ಟಡೀಜ್’ ಎಂಬ ಸಂಸ್ಥೆ ಹುಟ್ಟಿತು. ಅದರ ಸಂಗ್ರಾಹಕರಾದ ಕ್ಯಾಲಮ್ ಮೆಕ್ಲೀನ್, ಹ್ಯಾಮಿಷ್ ಹೆಂಡರ್ಸನ್ ಮೊದಲಾದವರು ದನಿಮುದ್ರಣದ ಯಂತ್ರವನ್ನು ಹೊತ್ತು ಒಕ್ಕಲಿಗರ, ಅಲೆಮಾರಿಗಳ ಬಳಿಗೆ ಹೋಗಿ ಕುಳಿತು ಕೇಳಿದರು. ಮೆಕ್ಲೀನರು ಸ್ವತಃ ಗೇಲಿಕ್ ಮನೆಯ ಮಗ. ಹೇಳುವವರ ಮಾತನ್ನು ತಿದ್ದದೆ, ಅವರ ನುಡಿಯಲ್ಲಿಯೇ ಉಳಿಸಿಕೊಂಡುದು ಆ ಸಂಗ್ರಹದ ಬೆಲೆಯನ್ನು ಹೆಚ್ಚಿಸಿದೆ.

ನಮ್ಮ ಗಡಿಯ ಮಕ್ಕಳಿಗೆ ಇದು ಬೇಗ ತಿಳಿಯುವುದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ನಮ್ಮ ಕನ್ನಡ ಶಾಲೆಗಳ ಪಠ್ಯಪುಸ್ತಕಗಳನ್ನು ಅಚ್ಚುಮಾಡುವುದು 1967ರಲ್ಲಿ ಸ್ಥಾಪಿತವಾದ ಪುಣೆಯ ಬಾಲಭಾರತಿ ಸಂಸ್ಥೆ. ನಮ್ಮ ಭಾಗ್ಯಕ್ಕೆ ಇಲ್ಲಿ ತಾಯಿನುಡಿಯ ಶಾಲೆಗಳಿವೆ. ಆದರೆ ಆಯಿ ಆಡುವ ಕನ್ನಡವು ಪುಸ್ತಕದಲ್ಲಿಲ್ಲ. ಅವಳು ‘ಪಾಟಿ’ ಎಂದರೆ ನೀವು ‘ಸ್ಲೇಟು’ ಎಂದು ಬರೆಯಬೇಡಿರಿ. ‘ಸಾಲಿ’ ಎಂದರೆ ಹಾಗೆಯೇ ಇರಲಿ. ಅರ್ಥವಾಗದಿದ್ದರೆ ಕೇಳಿ, ಮಗ್ಗುಲಲ್ಲಿ ಅರ್ಥ ಬರೆಯಿರಿ. ಬೆಳಗಾವಿ ಜಿಲ್ಲೆಯ ಬಸವರಾಜ ಕಟ್ಟೀಮನಿಯವರು ‘ಕುಂದರನಾಡಿನ ಕಂದ’ ಎಂಬ ಆತ್ಮಕಥೆಯಲ್ಲಿ ತಮ್ಮ ನಾಡನ್ನು ಹೆಸರಿಸಿಯೇ ಹೇಳಿಕೊಂಡರು. ನಮ್ಮ ಜಿಲ್ಲೆಯದೇ ಆದ ಮಾಡಗೂಳದಲ್ಲಿ ಹುಟ್ಟಿದ ವ್ಯಂಕಟೇಶ ಮಾಡಗೂಳಕರರು 1955ರಲ್ಲಿ ಹೊರಬಂದ ‘ಬನಗರವಾಡಿ’ಯಲ್ಲಿ ಕುರುಬರ ಹಳ್ಳಿಯೊಂದನ್ನೂ ಅಲ್ಲಿಗೆ ಬಂದ ಎಳೆಯ ಮಾಸ್ತರನನ್ನೂ ಮರಾಠಿಯಲ್ಲಿ ಚಿತ್ರಿಸಿದರು. ಅದೂ ನಮ್ಮಂಥದೇ ಬರದ ನೆಲ. ಮೇಲಿನ ಇಯತ್ತೆಯವರು ಇವೆರಡನ್ನೂ ಓದಬೇಕು.

ಇನ್ನು ನಾವು ಮಾಡಿದ ಒಂದು ತಪ್ಪನ್ನು ಹೇಳಬೇಕಾಗಿದೆ. 1972ರಲ್ಲಿ ನಾವು ಎರಡನೆಯ ಇಯತ್ತೆಯಲ್ಲಿದ್ದೆವು. ಮಳೆ ಸತತವಾಗಿ ಕೈಕೊಟ್ಟಿತ್ತು. ಸರಕಾರವು ಮಹಾರಾಷ್ಟ್ರದ ತುಂಬ ಬರದ ಕಾಮಗಾರಿಗಳನ್ನು ತೆರೆಯಿತು. 1973ರ ಮೇ ತಿಂಗಳಲ್ಲಿ ಸುಮಾರು 50 ಲಕ್ಷ ಜನರು ಅವುಗಳಲ್ಲಿ ದುಡಿಯುತ್ತಿದ್ದರು. ನಮ್ಮ ಅವ್ವನು ಖಡಿ ಒಡೆಯಲು ಹೋಗುತ್ತಿದ್ದಳು. ಶಾಲೆಗೆ ಸೂಟಿಯಾದ ಮೇಲೆ ನಾವೂ ಅವಳ ಬೆನ್ನು ಹತ್ತಿ ಹೋಗುತ್ತಿದ್ದೆವು. ಅಲ್ಲಿ ಕೊಡುತ್ತಿದ್ದ ಸುಕಡಿಯ ಸಿಹಿ ನಮಗೆ ನೆನಪಿದೆ. ವಿದೇಶದಿಂದ ಬಂದ ಕೆಂಪು ಜೋಳದ ರೊಟ್ಟಿಯು ಗಂಟಲಲ್ಲಿ ಇಳಿಯದಿದ್ದುದು ನೆನಪಿದೆ. ಅವ್ವನ ಬೆರಳುಗಳಿಗೆ ಸುತ್ತಿದ ಅರಿವೆಯ ಚಿಂದಿ ನೆನಪಿದೆ. ಬೇರೇನೂ ನೆನಪಿಲ್ಲ.

ಆ ಬಳಿಕ ಅವ್ವನು ಎಷ್ಟೋ ವರ್ಷ ಬದುಕಿದ್ದಳು. ನಾವು ಕಲಿತೆವು, ಮಕ್ಕಳಿಗೆ ಕಲಿಸಿದೆವು. ಒಂದು ಸಂಜೆ ಅವಳು ತಾನಾಗಿಯೇ ಬರದ ಮಾತು ತೆಗೆದಳು. ನಮ್ಮ ಮುಂದೆ ತಿದ್ದಬೇಕಾದ ವಹಿಗಳ ರಾಶಿಯಿತ್ತು. “ಅದೆಲ್ಲಾ ಈಗ್ಯಾಕ ಅವ್ವಾ” ಎಂದೆವು. ಅವಳು ಸುಮ್ಮನಾದಳು, ಮತ್ತೆ ಆ ಮಾತನ್ನು ಎತ್ತಲಿಲ್ಲ. ನಸುಕಿನಲ್ಲಿ ಎಷ್ಟು ದೂರ ನಡೆಯುತ್ತಿದ್ದಳು, ದಿನದ ಪಗಾರ ಎಷ್ಟಿತ್ತು, ತಾನು ಏನು ತಿನ್ನುತ್ತಿದ್ದಳು ಎಂಬ ಮೂರು ಪ್ರಶ್ನೆಗಳನ್ನು ಕೇಳಲು ನಮಗೆ ಬಿಡುವಾದಾಗ ಅವಳು ಇರಲಿಲ್ಲ. ಅವಳೊಡನೆ ಖಡಿ ಒಡೆದಿದ್ದ ಓಣಿಯ ಹಿರಿಯಳೊಬ್ಬಳನ್ನು ಮುಂದೆ ಕಂಡು ಕೇಳಿದೆವು. ಆಕೆಗೂ ಹೆಚ್ಚು ನೆನಪಿರಲಿಲ್ಲ. “ನಿಮ್ಮವ್ವ ಯಾವಾಗಲೂ ಬಿಸಲಿಗೆ ಬೆನ್ನ ಮಾಡಿ ಕೂಡತಿದ್ಲು. ಆಕಿ ನೆಳ್ಳಾಗ ನೀ ಮಲಗತಿದ್ದಿ” ಎಂದಷ್ಟೇ ಹೇಳಿದಳು.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ. ಮಗುವು ವಹಿ ಹಿಡಿದು ಮುತ್ಯಾನ ಬಳಿ ಕುಳಿತಾಗ, “ಹಳೇ ಮಾತು ಬಿಡು, ಅಭ್ಯಾಸ ಮಾಡು” ಎಂದು ಎಬ್ಬಿಸಬೇಡಿರಿ. ಮಕ್ಕಳೇ, ಮೊಬೈಲಿನಲ್ಲಿ ದನಿ ಮುದ್ರಿಸಿಕೊಳ್ಳುವುದಾದರೆ ಮೊದಲು ಅವರ ಒಪ್ಪಿಗೆ ಕೇಳಿರಿ. ಹೇಳುತ್ತ ಹೇಳುತ್ತ ಅವರು ನಿಂತುಬಿಟ್ಟರೆ ಒತ್ತಾಯಿಸಬೇಡಿರಿ. ನೀರು ತಂದುಕೊಟ್ಟು ಬೇರೆ ದಿನ ಕೇಳಿರಿ. ನೂರು ಪುಟದ ಒಂದು ವಹಿ ಸಾಕು. ಎಡಗಡೆಯ ಪುಟದಲ್ಲಿ ಅವರ ಮಾತು ಇದ್ದಂತೆಯೇ ಇರಲಿ. ಬಲಗಡೆಯ ಪುಟವನ್ನು ನಿಮ್ಮ ಪ್ರಶ್ನೆಗಳಿಗಾಗಿ ಬಿಡಿರಿ. ಮೊದಲ ದಿನ ಬಾವಿಯಿಂದ ಆರಂಭಿಸಿರಿ. ದೀಪಾವಳಿಯ ಸೂಟಿ ಮುಗಿದ ಮೇಲೆ ವಹಿಗಳನ್ನು ಶಾಲೆಗೆ ತಂದರೆ ನಾವು ಒಟ್ಟಿಗೆ ಕುಳಿತು ಓದೋಣ.