ಕಣ್ಣಿಗೆ ಕಾಣದ ಅಪ್ಪಣೆ

ನಮ್ಮ ಮನೆಯಲ್ಲಿ ಒಂದು ಟೆಲಿವಿಷನ್, ಅದಕ್ಕೆ ಉಪಗ್ರಹದಿಂದ ಬರುವ ಕಾರ್ಯಕ್ರಮಗಳನ್ನು ಒದಗಿಸುವ ಸೆಟ್‌ಟಾಪ್ ಬಾಕ್ಸ್, ಧ್ವನಿಯನ್ನು ಹೆಚ್ಚಿಸಿ ಕೇಳಿಸುವ ಆಂಪ್ಲಿಫೈಯರ್ ಇವು ಮೂರೂ ಇವೆ. ಮೂರಕ್ಕೂ ಬೇರೆ ಬೇರೆ ದೂರನಿಯಂತ್ರಕಗಳು. ಎಲ್ಲರೂ ಬಲ್ಲ ಮಾತಿನಲ್ಲಿ ಹೇಳುವುದಾದರೆ, ರಿಮೋಟುಗಳು. ಮೂರೂ ಕಪ್ಪು, ಮೂರರ ಆಕಾರವೂ ಹೆಚ್ಚು ಕಡಿಮೆ ಒಂದೇ. ವಯಸ್ಸಾಗಿ ದೃಷ್ಟಿ ಮಂದವಾದ ಮೇಲೆ ನಮ್ಮ ತಾಯಿಯವರು ಸಂಜೆ ಸಂಗೀತ ಕೇಳುವ ಬಹುದಿನದ ಅಭ್ಯಾಸವನ್ನೇ ಬಿಟ್ಟುಬಿಟ್ಟರು. “ಪ್ರತಿಸಲವೂ ಒಬ್ಬರನ್ನು ಕೂಗಿ ಹಾಕಿಸಿಕೊಳ್ಳುವುದಕ್ಕಿಂತ ಸುಮ್ಮನೆ ಕೂರುವುದೇ ವಾಸಿ” ಎಂದರು. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಈ ಮಾತು ಚುಚ್ಚಿತು. ಮೂರರ ಕೆಲಸವನ್ನೂ ಒಂದೇ ಮಾಡಬಲ್ಲ ಸಾರ್ವತ್ರಿಕ ದೂರನಿಯಂತ್ರಕವೊಂದನ್ನು ಕೊಂಡು ತಂದು ಅಣಿಗೊಳಿಸಲು ಕುಳಿತೆವು. ಆ ಕೆಲಸದಲ್ಲಿ ನಾವು ಕಲಿತುದನ್ನು ಇಲ್ಲಿ ವಿವರಿಸುತ್ತೇವೆ.

ಕಿರಣದ ಸ್ವರೂಪ

ದೂರನಿಯಂತ್ರಕದ ತುದಿಯಲ್ಲಿ ಬಟಾಣಿ ಕಾಳಿನಷ್ಟು ದೊಡ್ಡದಾದ ಒಂದು ಡಯೋಡು ಇರುವುದನ್ನು ಓದುಗರು ನೋಡಿರಬಹುದು. ಅದು ಸೂಸುವ ಕಿರಣದ ತರಂಗಾಂತರ ಸಾಮಾನ್ಯವಾಗಿ ಸುಮಾರು 940 ನ್ಯಾನೊಮೀಟರ್. ನಮ್ಮ ಕಣ್ಣಿಗೆ ಕಾಣುವ ಕೆಂಪು ಬೆಳಕು ಸುಮಾರು 700 ನ್ಯಾನೊಮೀಟರಿಗೆ ಮುಗಿಯುವುದರಿಂದ, ಅದರಾಚೆಯ ಈ ಅವಕೆಂಪು ಕಿರಣವು ನಮಗೆ ಅಗೋಚರ. ಆದರೆ ಮೊಬೈಲ್ ಫೋನಿನ ಕ್ಯಾಮರಾ ಇದನ್ನು ಕಾಣಬಲ್ಲದು. ಡಯೋಡನ್ನು ಕ್ಯಾಮರಾದ ಕಡೆಗೆ ಹಿಡಿದು ಗುಂಡಿಯನ್ನು ಒತ್ತಿದರೆ ಫೋನಿನ ತೆರೆಯಲ್ಲಿ ಮಸುಕಾದ ನೇರಳೆ ಅಥವಾ ಬಿಳಿ ಬೆಳಕು ಮಿನುಗುವುದು. ಕೆಲವು ಫೋನುಗಳ ಹಿಂಬದಿಯ ಕ್ಯಾಮರಾ ಈ ಕಿರಣವನ್ನು ಸೋಸಿಬಿಡುವುದುಂಟು. ಆಗ ಮುಂಬದಿಯ ಕ್ಯಾಮರಾದಿಂದ ನೋಡಬೇಕು. ದೂರನಿಯಂತ್ರಕವು ಕೆಟ್ಟಿದೆಯೋ, ಬ್ಯಾಟರಿ ಮಾತ್ರ ಮುಗಿದಿದೆಯೋ ಎಂದು ಪರೀಕ್ಷಿಸುವಾಗ ಮೊದಲು ಮಾಡಬೇಕಾದುದು ಇದೇ.

ಇಲ್ಲಿ ಒಂದು ಸಂಶಯವು ಸಹಜವಾಗಿ ಹುಟ್ಟುವುದು. ಸೂರ್ಯನೂ ಅವಕೆಂಪು ಕಿರಣಗಳನ್ನು ಸೂಸುತ್ತಾನೆ. ತಂತು ದೀಪವೂ, ಒಲೆಯ ಕೆಂಡವೂ ಸೂಸುತ್ತವೆ. ಇವುಗಳ ನಡುವೆ ತನಗೆ ಬಂದ ಅಪ್ಪಣೆಯನ್ನು ಯಂತ್ರವು ಗುರುತಿಸುವುದೆಂತು? ಈ ತೊಡಕು ಹಳೆಯದು. 1955ರಲ್ಲಿ ಅಮೆರಿಕದ ಜೆನಿತ್ ಕಂಪನಿಯ ಯೂಜೀನ್ ಪಾಲಿ ಅವರು ರೂಪಿಸಿದ ‘ಫ್ಲ್ಯಾಶ್‌ಮ್ಯಾಟಿಕ್’ ಎಂಬ ಸಾಧನವು ಟಾರ್ಚಿನಂತೆ ಕಾಣುವ ಬೆಳಕನ್ನೇ ಬೀರುತ್ತಿತ್ತು; ತೆರೆಯ ನಾಲ್ಕು ಮೂಲೆಗಳಲ್ಲಿ ದ್ಯುತಿಕೋಶಗಳಿದ್ದವು. ಬಿಸಿಲು ಬಿದ್ದಾಗಲೂ ಅವು ಅದನ್ನು ಅಪ್ಪಣೆಯೆಂದು ಭ್ರಮಿಸುತ್ತಿದ್ದವು. ಮರುವರ್ಷ ಅದೇ ಕಂಪನಿಯ ರಾಬರ್ಟ್ ಆಡ್ಲರ್ ಅವರು ಬೆಳಕನ್ನು ಬಿಟ್ಟು, ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿಯನ್ನು ಬಳಸಿದರು. ಬೆಳಕು ಮತ್ತೆ ಬಳಕೆಗೆ ಬಂದುದು ಅವಕೆಂಪಿನ ರೂಪದಲ್ಲಿ.

ಈಗಿನ ಉಪಾಯವು ಸರಳವಾದುದು. ಕಿರಣವನ್ನು ಸೆಕೆಂಡಿಗೆ ಸುಮಾರು 38,000 ಸಲ ಹೊತ್ತಿಸಿ ಆರಿಸುತ್ತಾರೆ. ಬಿಸಿಲು ಒಂದೇ ಸಮನೆ ಬೀಳುತ್ತದೆ. 50 ಹರ್ಟ್ಸ್ ವಿದ್ಯುತ್ತಿನಿಂದ ಉರಿಯುವ ತಂತು ದೀಪವು ಸೆಕೆಂಡಿಗೆ 100 ಸಲ ಮಾತ್ರ ಏರಿಳಿಯುತ್ತದೆ. ಟೆಲಿವಿಷನ್ನಿನ ಗ್ರಾಹಕವು 38,000 ಹರ್ಟ್ಸ್ ಆವೃತ್ತಿಯ ಸುತ್ತಮುತ್ತಲ ಮಿನುಗನ್ನಷ್ಟೇ ಸ್ವೀಕರಿಸಿ ಉಳಿದುದನ್ನು ತಳ್ಳಿಬಿಡುತ್ತದೆ.

ಅಪ್ಪಣೆಯ ಭಾಷೆ

ನಮ್ಮ ದೇಶದಲ್ಲಿ 2013ರವರೆಗೆ ತಂತಿ ಸೇವೆ ಇದ್ದಿತು. ಹಿಂದೆ ತಂತಿ ಕಚೇರಿಗಳಲ್ಲಿ ಮೋರ್ಸ್ ಸಂಕೇತದ ಗಿಡ್ಡ ಬಡಿತ, ಉದ್ದ ಬಡಿತಗಳಿಂದ ಸುದ್ದಿ ಕಳುಹಿಸುತ್ತಿದ್ದರು. ದೂರನಿಯಂತ್ರಕದ ಭಾಷೆಯೂ ಇಂತಹುದೇ. ಜಪಾನಿನ ಎನ್‌ಇಸಿ ಕಂಪನಿಯ ಪದ್ಧತಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೊದಲು ಕಿರಣವು 9 ಮಿಲಿಸೆಕೆಂಡು ಕಾಲ ಮಿನುಗಿ, 4.5 ಮಿಲಿಸೆಕೆಂಡು ಸುಮ್ಮನಿರುವುದು. ಇದು ‘ಗಮನವಿಟ್ಟು ಕೇಳು’ ಎಂಬ ಕರೆ. ಆಮೇಲೆ ದ್ವಿಮಾನ ಅಂಕಿಗಳು ಬರುತ್ತವೆ. ಒಂದು ಸಣ್ಣ ಮಿಡಿತ ಮತ್ತು ಅದರ ಹಿಂದಿನ ಮೌನ ಸೇರಿ 1.125 ಮಿಲಿಸೆಕೆಂಡು ಆದರೆ ಅದು ಸೊನ್ನೆ, 2.25 ಮಿಲಿಸೆಕೆಂಡು ಆದರೆ ಅದು ಒಂದು.

ಹೀಗೆ 32 ಅಂಕಿಗಳು ಹೋಗುತ್ತವೆ. ಮೊದಲ ಎಂಟು ಯಂತ್ರದ ವಿಳಾಸ. ಮುಂದಿನ ಎಂಟು ಅದೇ ವಿಳಾಸದ ವಿಲೋಮ, ಎಂದರೆ ಸೊನ್ನೆಯಿದ್ದೆಡೆ ಒಂದು, ಒಂದಿದ್ದೆಡೆ ಸೊನ್ನೆ. ಅನಂತರ ಎಂಟು ಅಂಕಿಗಳ ಆಜ್ಞೆ, ಕೊನೆಗೆ ಅದರ ವಿಲೋಮ. ಸಂಖ್ಯೆಗೂ ವಿಲೋಮಕ್ಕೂ ತಾಳೆಯಾಗದಿದ್ದರೆ ದಾರಿಯಲ್ಲಿ ಎಲ್ಲೋ ತಪ್ಪಾಗಿದೆಯೆಂದು ಯಂತ್ರವು ಆ ಅಪ್ಪಣೆಯನ್ನು ಕೈಬಿಡುತ್ತದೆ. ಈ ಏರ್ಪಾಡಿನ ಫಲವಾಗಿ, ಆಜ್ಞೆ ಯಾವುದೇ ಇರಲಿ, ಅದರಲ್ಲಿ 16 ಸೊನ್ನೆಗಳೂ 16 ಒಂದುಗಳೂ ಇರುತ್ತವೆ. ಆದುದರಿಂದ ಪ್ರತಿಯೊಂದು ಅಪ್ಪಣೆಗೂ ಹಿಡಿಯುವ ಕಾಲ ಒಂದೇ: 9 + 4.5 + 18 + 36, ಎಂದರೆ 67.5 ಮಿಲಿಸೆಕೆಂಡು. ಕೊನೆಯಲ್ಲಿ ಮುಕ್ತಾಯದ ಗುರುತಾಗಿ ಒಂದು ಸಣ್ಣ ಮಿಡಿತವಿರುವುದು.

ಎಲ್ಲ ಕಂಪನಿಗಳೂ ಈ ಒಂದೇ ಭಾಷೆಯನ್ನು ಆಡಿದ್ದರೆ ನಮ್ಮ ಕಷ್ಟ ಅಷ್ಟಾಗಿ ಇರುತ್ತಿರಲಿಲ್ಲ. ಫಿಲಿಪ್ಸ್ ಕಂಪನಿಯ ಆರ್‌ಸಿ-5 ಪದ್ಧತಿಯಲ್ಲಿ ವಾಹಕದ ಆವೃತ್ತಿ 36,000 ಹರ್ಟ್ಸ್, ಅಂಕಿಗಳು 14. ಸೋನಿ ಕಂಪನಿಯದರಲ್ಲಿ 40,000 ಹರ್ಟ್ಸ್. ಅದರ ಅತಿ ಸರಳ ರೂಪದಲ್ಲಿ ಅಂಕಿಗಳು 12. ಆದಕಾರಣ ಸಾರ್ವತ್ರಿಕ ದೂರನಿಯಂತ್ರಕವೆಂದರೆ ಹಲವು ಭಾಷೆ ಬಲ್ಲ ದುಭಾಷಿ ಎನ್ನಬಹುದು. ಆಪಲ್ ಕಂಪನಿಯ ಸಂಸ್ಥಾಪಕರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ ಅವರು 1987ರಲ್ಲಿ ಇಂತಹುದೊಂದನ್ನು ‘ಕೋರ್’ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದರು.

ಅಣಿಗೊಳಿಸುವ ಮೂರು ವಿಧಾನ

ಟೆಲಿವಿಷನ್ನಿಗೆ ನಾವು ಅನುಸರಿಸಿದುದು ಸಂಖ್ಯೆಯ ವಿಧಾನ. ದೂರನಿಯಂತ್ರಕದ ಸ್ಮೃತಿಯಲ್ಲಿ ಅನೇಕ ಕಂಪನಿಗಳ ಸಂಕೇತಗಳನ್ನು ಮೊದಲೇ ತುಂಬಿರುತ್ತಾರೆ. ಜೊತೆಗೆ ಬಂದ ಪುಸ್ತಿಕೆಯಲ್ಲಿ ಕಂಪನಿಯ ಹೆಸರಿನ ಮುಂದಿರುವ ಸಂಖ್ಯೆಯನ್ನು ಒತ್ತಿದರೆ, ಆ ಭಾಷೆಯನ್ನೇ ಆಡೆಂದು ಹೇಳಿದಂತಾಯಿತು. ಒಂದು ಕಂಪನಿಗೆ ಹಲವು ಸಂಖ್ಯೆಗಳಿರುವುದರಿಂದ ಮೊದಲನೆಯದು ಹೊಂದದಿದ್ದರೆ ನಿರಾಶರಾಗಬೇಕಿಲ್ಲ. ನಮಗೆ ಮೂರನೆಯದು ಹೊಂದಿತು.

ಸೆಟ್‌ಟಾಪ್ ಬಾಕ್ಸಿನ ಹೆಸರು ಪುಸ್ತಿಕೆಯಲ್ಲಿ ಇರಲಿಲ್ಲ. ಅದಕ್ಕೆ ಹುಡುಕುವ ವಿಧಾನ. ದೂರನಿಯಂತ್ರಕವು ತಾನು ಬಲ್ಲ ಎಲ್ಲ ಭಾಷೆಗಳಲ್ಲಿಯೂ ‘ಆರು’ ಎಂದು ಒಂದಾದ ಮೇಲೊಂದರಂತೆ ಹೇಳುತ್ತ ಹೋಗುತ್ತದೆ. ಯಂತ್ರವು ಆರಿದ ಕೂಡಲೇ ನಾವು ಅದನ್ನು ತಡೆದು ನಿಲ್ಲಿಸಬೇಕು. ಆರಿತೆಂದು ಅಲ್ಲಿಗೇ ತೃಪ್ತರಾಗಬಾರದು. ಎರಡು ಪದ್ಧತಿಗಳಲ್ಲಿ ಒಂದು ಆಜ್ಞೆ ಸಮನಾಗಿದ್ದು ಉಳಿದವು ಬೇರೆಯಾಗಿರಬಹುದು. ಚಾನಲ್ ಗುಂಡಿಗಳನ್ನೂ ಅಂಕಿಗಳನ್ನೂ ಒತ್ತಿ ನೋಡಬೇಕು.

ಆಂಪ್ಲಿಫೈಯರ್ ಹಳೆಯದು, ಎರಡು ವಿಧಾನವೂ ಫಲಿಸಲಿಲ್ಲ. ಉಳಿದುದು ಕಲಿಸುವ ವಿಧಾನ. ಹಳೆಯ ಮತ್ತು ಹೊಸ ದೂರನಿಯಂತ್ರಕಗಳನ್ನು ಬಿಸಿಲು ಬೀಳದ ಮೇಜಿನ ಮೇಲೆ, ಕೆಲವು ಸೆಂಟಿಮೀಟರ್ ಅಂತರದಲ್ಲಿ, ಎದುರುಬದುರಾಗಿ ಇಟ್ಟೆವು. ಹಳೆಯದರ ಗುಂಡಿಯನ್ನು ಒತ್ತಿದಾಗ ಹೊಸದು ಮಿಡಿತ, ಮೌನಗಳ ಉದ್ದವನ್ನು ಅಳೆದು ನೆನಪಿನಲ್ಲಿಟ್ಟುಕೊಂಡಿತು. ಅರ್ಥ ತಿಳಿಯದಿದ್ದರೂ ಗುರುವು ಹೇಳಿದುದನ್ನು ಹಾಗೆಯೇ ಒಪ್ಪಿಸುವ ಶಿಷ್ಯನಂತೆ ಅದು ನಡೆದುಕೊಳ್ಳುತ್ತದೆ. ಈ ವಿಧಾನಕ್ಕೆ ಹಳೆಯದು ಜೀವಂತವಾಗಿರಬೇಕು. ಅದು ಕೆಡುವ ಮೊದಲೇ ಕಲಿಸಿಡುವುದು ಲೇಸು. ಬ್ಲೂಟೂತ್ ಮೊದಲಾದ ರೇಡಿಯೋ ತರಂಗಗಳನ್ನು ಬಳಸುವ ದೂರನಿಯಂತ್ರಕಗಳಿಂದ ಹೀಗೆ ಕಲಿಯಲಾಗದು.

ನಾವು ಮಾಡಿದ ತಪ್ಪು

ಇಷ್ಟಾದ ಮೇಲೆ ಉತ್ಸಾಹದಿಂದ, ಒಂದೇ ಗುಂಡಿಯನ್ನು ಒತ್ತಿದರೆ ಮೂರೂ ಯಂತ್ರಗಳಿಗೆ ಸಾಲಾಗಿ ಅಪ್ಪಣೆ ಹೋಗುವಂತೆ ಮಾಡಿದೆವು. ಮೊದಲ ಸಂಜೆ ಎಲ್ಲವೂ ಸರಿಯಾಯಿತು. ಮರುದಿನ ತೆರೆ ಬೆಳಗಿತು, ಸ್ವರ ಬರಲಿಲ್ಲ. ಮತ್ತೆ ಒತ್ತಿದಾಗ ತೆರೆಯೂ ಆರಿತು. “ನಾನೇ ಕೆಡಿಸಿಬಿಟ್ಟೆ” ಎಂದು ತಾಯಿಯವರು ಅದನ್ನು ಮೇಜಿನ ಮೇಲಿಟ್ಟು ಎದ್ದುಹೋದರು.

ತಪ್ಪು ಅವರದಾಗಿರಲಿಲ್ಲ. ಆಂಪ್ಲಿಫೈಯರನ್ನು ಹಿಂದಿನ ರಾತ್ರಿ ಯಾರೂ ಆರಿಸಿರಲಿಲ್ಲ. ಹೊತ್ತಿಸುವುದಕ್ಕೂ ಆರಿಸುವುದಕ್ಕೂ ಅದರ ಸಂಕೇತ ಒಂದೇ. ಹೊತ್ತಿದ್ದುದು ಅದರಿಂದ ಆರಿತು. ಅವಕೆಂಪು ಕಿರಣವು ಒಂದೇ ದಿಕ್ಕಿನಲ್ಲಿ ಹೋಗುತ್ತದೆ. ಯಂತ್ರವು ‘ಆಗಲಿ’ ಎಂದು ಮರುನುಡಿಯುವುದಿಲ್ಲ. ಯಂತ್ರದ ಸ್ಥಿತಿಯನ್ನು ತಿಳಿಯುವ ದಾರಿ ದೂರನಿಯಂತ್ರಕಕ್ಕೆ ಇಲ್ಲ. ಹೊತ್ತಿಸಲು ಒಂದು, ಆರಿಸಲು ಮತ್ತೊಂದು ಸಂಕೇತವುಳ್ಳ ಯಂತ್ರಗಳಲ್ಲಿ ಈ ತೊಂದರೆ ಇಲ್ಲ. ನಮ್ಮದಕ್ಕೆ ಆ ಸೌಕರ್ಯವಿರಲಿಲ್ಲ.

ಮರುನುಡಿಯನ್ನು ಕೇಳಬೇಕಾದವರು ಮನುಷ್ಯರೇ ಎಂಬುದು ಆಗ ಹೊಳೆಯಿತು. ಸಾಲು ಅಪ್ಪಣೆಯನ್ನು ತೆಗೆದುಹಾಕಿದೆವು; ಸೆಟ್‌ಟಾಪ್ ಬಾಕ್ಸನ್ನು ಸದಾ ಹೊತ್ತಿಸಿಯೇ ಇಟ್ಟೆವು. ಉಳಿದ ಎರಡಕ್ಕೆ ಎರಡು ಗುಂಡಿಗಳನ್ನು ಗೊತ್ತುಮಾಡಿ, ಬೆರಳಿಗೆ ತಿಳಿಯುವಂತೆ ಒಂದರ ಮೇಲೆ ಬಟ್ಟೆಯ ಒಂದು ಚುಕ್ಕೆಯನ್ನೂ ಇನ್ನೊಂದರ ಮೇಲೆ ಎರಡನ್ನೂ ಅಂಟಿಸಿದೆವು. ಒಂದು ಚುಕ್ಕೆ ಒತ್ತಿ, ತೆರೆಯ ಬೆಳಕು ಕಾಣುವವರೆಗೆ ತಾಳುವುದು. ಆಮೇಲೂ ಸ್ವರ ಕೇಳಿಸದಿದ್ದರೆ ಮಾತ್ರ ಎರಡು ಚುಕ್ಕೆ ಒತ್ತುವುದು. ಮಂದವಾದ ಕಣ್ಣಿಗೂ ತೆರೆಯ ಬೆಳಕು ತಿಳಿಯುತ್ತದೆ, ಕಿವಿಯಂತೂ ಚೆನ್ನಾಗಿದೆ. ಈಗ ಸಂಜೆಯ ಸಂಗೀತಕ್ಕೆ ಅವರು ಯಾರನ್ನೂ ಕೂಗುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಮನೆಯಲ್ಲಿಯೂ ನೆರೆಯಲ್ಲಿಯೂ ಗುಂಡಿಗಳಿಗೆ ಹೆದರಿ ಸುಮ್ಮನೆ ಕುಳಿತ ಹಿರಿಯರು ಇರಬಹುದು. ತರಂಗಾಂತರ, ಆವೃತ್ತಿ, ದ್ವಿಮಾನ ಸಂಖ್ಯೆ ಇವನ್ನು ನೀವು ಪರೀಕ್ಷೆಗಾಗಿ ಓದಿದ್ದೀರಿ. ಒಂದು ಸಂಜೆ ಬಿಡುವು ಮಾಡಿಕೊಂಡು ಅವರ ಪಕ್ಕದಲ್ಲಿ ಕುಳಿತರೆ, ಓದಿದ ವಿದ್ಯೆ ಅವರ ಕೈಗೂ ಬರುವುದು.